ಬ್ರೋಕರ್, ಟ್ರಾನ್ಸ್‌ಪೋರ್ಟ್, ನೇರ ಪಾರ್ಟಿ, ಆ್ಯಪ್: ಬ್ಯಾಲೆನ್ಸ್ ಕೈಗೆ ಬರುವ ದಾರಿ ಯಾವುದು?

ಹೊಸದಾಗಿ ಲಾರಿ ತೆಗೆದವರು ಕೇಳುವ ಮೊದಲ ಪ್ರಶ್ನೆ, “ಅಣ್ಣಾ, ಟನ್ನಿಗೆ ಎಷ್ಟು ಸಿಗುತ್ತೆ?” ನಾನು ತಿರುಗಿ ಕೇಳುವುದು, “ಲೋಡ್ ಆದ ದಿನ ಕೈಗೆ ಎಷ್ಟು ಬರುತ್ತೆ, ಉಳಿದಿದ್ದನ್ನ ಯಾರ ಹತ್ರ ಕೇಳಬೇಕು?” ಮೊದಲನೇದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಎರಡನೇದಕ್ಕೆ ಬಹಳ ಜನ ಫೋನ್ ತೆಗೆದು ಒಂದು ನಂಬರ್ ತೋರಿಸುತ್ತಾರೆ. ಬರೀ ನಂಬರ್. ಹೆಸರಿನ ಜಾಗದಲ್ಲಿ “ಚೆನ್ನೈ ಲೋಡ್” ಅಂತ ಸೇವ್ ಆಗಿರುತ್ತದೆ.

ದಾವಣಗೆರೆಯಲ್ಲಿ ನಮ್ಮದು ಎರಡು ಗಾಡಿ. ಮೆಕ್ಕೆಜೋಳ, ಅಕ್ಕಿ, ಸಿಮೆಂಟ್, ಗೊಬ್ಬರ, ಸಿಕ್ಕಿದ್ದನ್ನು ಹೊರುತ್ತೇವೆ. ಅಪ್ಪ ನಡೆಸುತ್ತಿದ್ದಾಗ ಲೆಕ್ಕ ಬರೆಯುತ್ತಿದ್ದವನು ನಾನೇ, ಈಗಲೂ ಬರೆಯುತ್ತೇನೆ. ಆ ಪುಸ್ತಕಗಳನ್ನು ಹಿಂದಕ್ಕೆ ತಿರುವಿದರೆ ನಮಗೆ ನಷ್ಟ ಆಗಿದ್ದು ಕಡಿಮೆ ಬಾಡಿಗೆಯ ಟ್ರಿಪ್‌ಗಳಲ್ಲಿ ಅಲ್ಲ. ಒಳ್ಳೆ ಬಾಡಿಗೆ ಒಪ್ಪಿಕೊಂಡು ಬ್ಯಾಲೆನ್ಸ್, ಅಂದರೆ ಅಡ್ವಾನ್ಸ್ ಬಿಟ್ಟು ಉಳಿದ ಬಾಡಿಗೆ, ಬಾರದ ಟ್ರಿಪ್‌ಗಳಲ್ಲಿ. ಹಾಗಾಗಿ ಲೋಡ್ ಹಿಡಿಯುವ ನಾಲ್ಕೈದು ದಾರಿಗಳನ್ನು ಇಲ್ಲಿ ಬ್ಯಾಲೆನ್ಸ್ ಲೆಕ್ಕದಲ್ಲೇ ತೂಗಿದ್ದೇನೆ.

ಮೊದಲು ಒಂದು ಟ್ರಿಪ್ಪಿನ ಲೆಕ್ಕ

ಹತ್ತು ಚಕ್ರದ ಗಾಡಿ, ದಾವಣಗೆರೆಯಿಂದ ಚೆನ್ನೈಗೆ ಸುಮಾರು 615 ಕಿಲೋಮೀಟರ್. 18 ಟನ್ನು, ಟನ್ನಿಗೆ 1,800 ಅಂತ ಹಿಡಿಯಿರಿ. ಬಾಡಿಗೆ 32,400. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಡೀಸೆಲ್ ಹತ್ತಿರ ಹತ್ತಿರ 14,000. ಟೋಲ್ 4,000, ಡ್ರೈವರ್ ಬತ್ತಾ 2,500, ಹಮಾಲಿ ಮಾಮೂಲು, ತೂಕದ ಚೀಟಿ, ಪಂಕ್ಚರ್ ಎಲ್ಲ ಸೇರಿ 1,000, ಬ್ರೋಕರ್ ಕಮಿಷನ್ 1,000. ಒಟ್ಟು ಖರ್ಚು 22,500. ಉಳಿಯುವುದು 9,900. ಕಂತು, ಟೈರು, ಇನ್ಶೂರೆನ್ಸ್, ಮನೆ, ಎಲ್ಲ ಅದರಲ್ಲೇ ಆಗಬೇಕು. ಅಂಕಿಗಳು ನಿಮ್ಮ ರೂಟಿಗೆ ಬೇರೆ ಇರುತ್ತವೆ, ನಿಮ್ಮದನ್ನು ಹಾಕಿ ನೋಡಿ.

ಈಗ ಅಡ್ವಾನ್ಸ್ ನೂರಕ್ಕೆ ಎಂಬತ್ತು ಅಂದರೆ 25,920 ಕೈಗೆ ಬಂತು. ಬ್ಯಾಲೆನ್ಸ್ 6,480. ಅಡ್ವಾನ್ಸಿನಲ್ಲಿ ಗಾಡಿ ಓಡಿತು, ಸ್ವಲ್ಪ ಉಳಿಯಿತು ಕೂಡ. ಆದರೆ ಉಳಿಯಬೇಕಾದ 9,900ರಲ್ಲಿ ಮೂರರಲ್ಲಿ ಎರಡು ಪಾಲು ಇನ್ನೂ ಬೇರೆಯವರ ಜೇಬಿನಲ್ಲಿದೆ. “ಎಂಬತ್ತು ಪರ್ಸೆಂಟ್ ಬಂತಲ್ಲ, ಇಪ್ಪತ್ತು ತಾನೇ” ಅನ್ನುವವರು ಇದನ್ನು ನೋಡುವುದಿಲ್ಲ. ಬಾಡಿಗೆಯ ಇಪ್ಪತ್ತು ಪರ್ಸೆಂಟ್ ಅಂದರೆ ನಿಮ್ಮ ಲಾಭದ ಅರವತ್ತೈದು ಪರ್ಸೆಂಟ್. ಆ ದುಡ್ಡು ಬರಲಿಲ್ಲ ಅಂದರೆ ಚೆನ್ನೈವರೆಗೆ ಹೋಗಿದ್ದು 3,420 ರೂಪಾಯಿಗೆ.

ಇನ್ನೊಂದು ಲೆಕ್ಕ. ತಿಂಗಳಿಗೆ ಇಂಥ ನಾಲ್ಕು ಟ್ರಿಪ್, ಬ್ಯಾಲೆನ್ಸ್ ಬರಲು ಎರಡು ತಿಂಗಳು ಅಂದರೆ ಯಾವಾಗ ನೋಡಿದರೂ 51,840 ರೂಪಾಯಿ ಹೊರಗೇ ನಿಂತಿರುತ್ತದೆ. ಒಂದು ಜೊತೆ ಟೈರಿನ ದುಡ್ಡು ಅದು.

ಸ್ಟ್ಯಾಂಡಿನ ಬ್ರೋಕರ್

ಯಶವಂತಪುರದ ಟ್ರಕ್ ಟರ್ಮಿನಲ್ಲೇ ಇರಲಿ, ಹುಬ್ಬಳ್ಳಿಯೇ ಇರಲಿ, ಒಂದು ಗಾಡಿಯವನಿಗೆ ಮೊದಲು ಸಿಗುವುದು ಬ್ರೋಕರ್. ಗೊತ್ತಿಲ್ಲದ ಊರಿನಲ್ಲಿ ಖಾಲಿ ಗಾಡಿ ನಿಲ್ಲಿಸಿಕೊಂಡು ಕೂತಾಗ ರಿಟರ್ನ್ ಲೋಡ್ ಕೊಡಿಸುವವನೂ ಅವನೇ. ಬ್ರೋಕರನ್ನು ಬೈಯುವುದು ನಮ್ಮ ಲೈನಿನಲ್ಲಿ ಒಂದು ರೂಢಿ. ಆದರೆ ಅವನಿಲ್ಲದೆ ಎರಡು ದಿನ ಖಾಲಿ ನಿಂತರೆ ಹೋಗುವ ದುಡ್ಡು ಅವನ ಕಮಿಷನ್ನಿಗಿಂತ ಜಾಸ್ತಿ.

ಇಲ್ಲಿ ಅಡ್ವಾನ್ಸ್ ಚೆನ್ನಾಗಿರುತ್ತದೆ, ನೂರಕ್ಕೆ ಎಂಬತ್ತು, ತೊಂಬತ್ತೂ ಸಿಗುವುದುಂಟು. ತೊಂದರೆ ಸರಪಳಿಯಲ್ಲಿದೆ. ಮಿಲ್ಲಿನವನು ಟ್ರಾನ್ಸ್‌ಪೋರ್ಟಿಗೆ ಹೇಳುತ್ತಾನೆ, ಟ್ರಾನ್ಸ್‌ಪೋರ್ಟಿನವನು ಒಬ್ಬ ಬ್ರೋಕರಿಗೆ, ಅವನು ಇನ್ನೊಬ್ಬನಿಗೆ, ಅವನು ನಿಮಗೆ. ನಡುವೆ ಒಬ್ಬೊಬ್ಬರೂ ಟನ್ನಿಗೆ ಐವತ್ತೋ ನೂರೋ ಇಟ್ಟುಕೊಳ್ಳುತ್ತಾರೆ. ಅದು ಹೋಗಲಿ, ಅವರದೂ ಹೊಟ್ಟೆಪಾಡು. ಪ್ರಶ್ನೆ ಬರುವುದು ಗಾಡಿ ಇಳಿದ ಮೇಲೆ. ನಿಮ್ಮ ಬ್ರೋಕರ್ “ಅಣ್ಣಾ, ಮೇಲಿನವ್ರು ಇನ್ನೂ ಹಾಕಿಲ್ಲ” ಅನ್ನುತ್ತಾನೆ. ಮೇಲಿನವರು ಯಾರು ಅಂತ ನಿಮಗೆ ಗೊತ್ತಿಲ್ಲ. ಅವರಿಗೂ ನೀವು ಗೊತ್ತಿಲ್ಲ. ನನಗೆ ಹೀಗೇ ಒಂದು ಸಲ ಹೊರ ರಾಜ್ಯದಿಂದ ತುಂಬಿದ ಲೋಡಿನಲ್ಲಿ ಏಳೂವರೆ ಸಾವಿರ ನಿಂತಿತು. ನಾಲ್ಕು ತಿಂಗಳು ಅಲೆದು ಕೊನೆಗೆ ಬಿಲ್ಟಿಯ (ಮಾಲಿನ ಜೊತೆ ಹೋಗುವ ಸಾಗಣೆ ರಸೀದಿ) ಮೇಲೆ ಹೆಸರಿದ್ದ ಟ್ರಾನ್ಸ್‌ಪೋರ್ಟ್ ಆಫೀಸಿಗೇ ಹೋದೆ. ಅಲ್ಲಿನ ಕ್ಲರ್ಕ್ ರಿಜಿಸ್ಟರ್ ತೆಗೆದು ತೋರಿಸಿದ: ಬ್ಯಾಲೆನ್ಸ್ ನಾವು ಪಿಒಡಿ (ಮಾಲು ಮುಟ್ಟಿದ್ದಕ್ಕೆ ಸಹಿ ಹಾಕಿಸಿದ ಬಿಲ್ಟಿ) ಕೊಟ್ಟ ಒಂಬತ್ತನೇ ದಿನವೇ ಹೋಗಿತ್ತು. ಹೋಗಿದ್ದು ನಡುವಿನವನಿಗೆ. ಅವನ ಫೋನ್ ಆ ಹೊತ್ತಿಗೆ ಸ್ವಿಚ್ ಆಫ್ ಆಗಿತ್ತು.

ಅಂದಿನಿಂದ ಗಾಡಿ ತುಂಬುವ ಮೊದಲೇ ಒಂದು ಮಾತು ಕೇಳುತ್ತೇನೆ: “ಬಿಲ್ಟಿ ಯಾರ ಹೆಸರಲ್ಲಿ ಹರೀತಾರೆ, ಬ್ಯಾಲೆನ್ಸ್ ಯಾರ ಅಕೌಂಟಿಂದ ಬರುತ್ತೆ?” ಎರಡೂ ಹೆಸರು ಒಂದೇ ಆಗಿದ್ದರೆ ಬೇರೇನೂ ಕೇಳುವುದಿಲ್ಲ. ಬೇರೆ ಬೇರೆ ಆಗಿದ್ದರೆ ಅಡ್ವಾನ್ಸ್ ತೊಂಬತ್ತು ಕೇಳುತ್ತೇನೆ, ಕೊಡದಿದ್ದರೆ ಬಿಡುತ್ತೇನೆ. ಅಡ್ವಾನ್ಸ್ ಯಾರೋ ಒಬ್ಬರ ಸ್ವಂತ ಯುಪಿಐ ನಂಬರಿನಿಂದ ಬಂತು, ಬಿಲ್ಟಿಯಲ್ಲಿ ಕಂಪನಿ ಹೆಸರು ಅಂದರೆ ನಡುವೆ ಒಬ್ಬ ಇದ್ದಾನೆ ಅಂತಲೇ ಅರ್ಥ.

ಹಾಗಂತ ಬ್ರೋಕರನ್ನು ಹಾರಿಸಿ ಮೇಲಿನವರಿಗೆ ನೇರ ಫೋನ್ ಮಾಡಿ “ಮುಂದಿನ ಸಲ ನಂಗೇ ಕೊಡಿ” ಅಂತ ಕೇಳಬೇಡಿ. ಬ್ಯಾಲೆನ್ಸ್ ವಿಚಾರಿಸುವುದು ಬೇರೆ, ಬೆನ್ನ ಹಿಂದೆ ಪಾರ್ಟಿ ಹಿಡಿಯುವುದು ಬೇರೆ. ಸಂಜೆಯೊಳಗೆ ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಗಾಡಿ ಕೊನೆಯದಾಗಿ ತುಂಬುತ್ತದೆ.

ಬ್ರೋಕರಿನ ಕಡೆಯಿಂದಲೂ ನೋಡಬೇಕು. ಲಕ್ಷಾಂತರ ರೂಪಾಯಿಯ ಮಾಲನ್ನು ಮುಖ ನೋಡದ ಡ್ರೈವರನ ಕೈಗೆ ಕೊಡುತ್ತಾನೆ. ಅಡ್ವಾನ್ಸ್ ತೆಗೆದುಕೊಂಡು ದಾರಿಯಲ್ಲಿ ಗಾಡಿ ಬಿಟ್ಟು ಹೋದವರಿದ್ದಾರೆ, ನಂಬರ್ ಪ್ಲೇಟ್ ಬದಲಿಸಿ ಮಾಲನ್ನೇ ಮಾಯ ಮಾಡಿದವರಿದ್ದಾರೆ. ಅದಕ್ಕೇ ಅವನು ಆರ್‌ಸಿ, ಲೈಸೆನ್ಸ್, ಗಾಡಿಯ ಫೋಟೋ ಕೇಳುವುದು, “ನಿಮ್ಮೂರಿನ ಯಾರಾದ್ರೂ ಟ್ರಾನ್ಸ್‌ಪೋರ್ಟಿನವ್ರ ನಂಬರ್ ಕೊಡಿ” ಅನ್ನುವುದು. ಇದಕ್ಕೆ ಸಿಡಿಮಿಡಿ ಮಾಡಬೇಡಿ. ಏನೂ ಕೇಳದೆ ತುಂಬಿಸುವ ಬ್ರೋಕರೇ ನನಗೆ ಹೆಚ್ಚು ಅನುಮಾನದವನು.

ಕಾನೂನು ಏನೂ ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 93ನೇ ಕಲಮಿನ ಪ್ರಕಾರ ಸರಕು ಸಾಗಣೆಯ ಏಜೆಂಟಿಗೆ ಲೈಸೆನ್ಸ್ ಬೇಕು, ಅವನಿಂದ 50,000 ರೂಪಾಯಿವರೆಗೆ ಭದ್ರತಾ ಠೇವಣಿ ಇಡಿಸಿಕೊಳ್ಳಲೂ ಅವಕಾಶ ಇದೆ. ಅಮೆರಿಕದಲ್ಲಿ 2013ರ ಅಕ್ಟೋಬರಿನಿಂದ ಪ್ರತಿ ಬ್ರೋಕರ್ 75,000 ಡಾಲರಿನ ಬಾಂಡನ್ನೋ ಟ್ರಸ್ಟ್ ಫಂಡನ್ನೋ ಇಡಲೇಬೇಕು, ಬಾಡಿಗೆ ಕೊಡದಿದ್ದರೆ ಟ್ರಕ್ಕಿನವನು ಅದರ ಮೇಲೆ ಕ್ಲೇಮ್ ಹಾಕಬಹುದು. ನಮ್ಮ ಸ್ಟ್ಯಾಂಡಿನಲ್ಲಿ ಬಾಂಡ್ ಅಂದರೆ ಅವನು ಅದೇ ಅಂಗಡಿಯಲ್ಲಿ ಎಷ್ಟು ವರ್ಷದಿಂದ ಕೂತಿದ್ದಾನೆ ಅನ್ನುವುದು. ಹದಿನೈದು ವರ್ಷದಿಂದ ಒಂದೇ ಬಾಗಿಲು ತೆಗೆಯುವವನು ಆರು ಸಾವಿರಕ್ಕೆ ಊರು ಬಿಡುವುದಿಲ್ಲ. ಆಫೀಸೇ ಇಲ್ಲದೆ ಫೋನಿನಲ್ಲಷ್ಟೇ ಇರುವವನಿಗೆ ಬಿಡಲು ಊರೇ ಇಲ್ಲ.

ಟ್ರಾನ್ಸ್‌ಪೋರ್ಟ್ ಕಂಪನಿಗೆ ಅಟ್ಯಾಚ್ ಮಾಡುವುದು

ಅಟ್ಯಾಚ್ ಅಂದರೆ ಗಾಡಿ ನಿಮ್ಮದೇ, ಓಡುವುದು ಒಂದೇ ಕಂಪನಿಯ ಲೋಡಿಗೆ. ಇಲ್ಲಿ ಬಾಡಿಗೆ ಮಾರ್ಕೆಟ್ಟಿಗಿಂತ ಕಡಿಮೆ. ಆದರೆ ಲೋಡ್ ಹುಡುಕುವ ಕೆಲಸ ಇಲ್ಲ, ಬಿಲ್ಟಿ ಅವರದೇ, ಮಾಲಿನ ಜವಾಬ್ದಾರಿ ಮೊದಲು ಅವರದು. 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲೆ ಮಾಲು ಸಂಗ್ರಹಿಸಿ, ರಸೀದಿ ಕೊಟ್ಟು ಸಾಗಿಸುವವರು ರಿಜಿಸ್ಟರ್ ಆಗಿರಬೇಕು. ಮಾಲಿಗೆ ಏನಾದರೂ ಆದರೆ ಅವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿನವರೆಗೆ. ಪಾರ್ಟಿ ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ದರ ಕೊಟ್ಟಿದ್ದರೆ ಅದಕ್ಕಿಂತ ಜಾಸ್ತಿ. ಇದನ್ನು ಯಾಕೆ ಹೇಳಿದೆ ಅಂದರೆ, ಎರಡು ಮೂಟೆ ಒದ್ದೆ ಆದಾಗ ಆ ನಷ್ಟ ಕೊನೆಗೆ ನಿಮ್ಮ ಬ್ಯಾಲೆನ್ಸಿನಲ್ಲೇ ಕಟ್ ಆಗುತ್ತದೆ. ತಾಡಪಾಲು ಹಳೆಯದಾದರೆ ಮಳೆಗಾಲಕ್ಕೆ ಮುಂಚೆ ಬದಲಿಸುವುದು ಬ್ಯಾಲೆನ್ಸ್ ಉಳಿಸಿಕೊಳ್ಳುವ ಕೆಲಸವೇ.

ಅಡ್ವಾನ್ಸಿನ ಒಂದು ಭಾಗ ಡೀಸೆಲ್ ಚೀಟಿಯ ರೂಪದಲ್ಲಿ ಬರುತ್ತದೆ, ಅವರು ಹೇಳಿದ ಬಂಕಿನಲ್ಲೇ ಹಾಕಿಸಬೇಕು. ಮೊದಮೊದಲು ಕಿರಿಕಿರಿ ಅನಿಸುತ್ತದೆ. ನಿಮ್ಮ ಗಾಡಿಯನ್ನು ಬೇರೆ ಡ್ರೈವರ್ ಓಡಿಸುತ್ತಿದ್ದರೆ ಮಾತ್ರ ಆ ಚೀಟಿ ನಿಮಗೆ ಕ್ಯಾಶಿಗಿಂತ ವಾಸಿ.

ಬ್ಯಾಲೆನ್ಸ್ ತಿಂಗಳಿಗೊಮ್ಮೆ ಸೆಟಲ್ ಆಗುತ್ತದೆ. ಮುಳುಗುವುದು ಅಪರೂಪ, ಸೋರುವುದು ಮಾಮೂಲು. ಶಾರ್ಟೇಜ್ ಅಂತ ಮುನ್ನೂರು, ಲೇಟ್ ಅಂತ ಐನೂರು, ಆಫೀಸ್ ಖರ್ಚು ಅಂತ ನೂರು. ಕೇಳಿದರೆ ಕ್ಲರ್ಕ್ “ಸಾಹುಕಾರ್ರನ್ನ ಕೇಳಿ” ಅನ್ನುತ್ತಾನೆ, ಸಾಹುಕಾರರು “ಕ್ಲರ್ಕ್ ಹತ್ರ ನೋಡಿ” ಅನ್ನುತ್ತಾರೆ. ತಿಂಗಳ ಕೊನೆಯಲ್ಲಿ ಗಾಡಿ ನಂಬರಿನ ಲೆಡ್ಜರ್ ಪ್ರಿಂಟ್ ಕೇಳಿ ಪಡೆಯಿರಿ. ಕೇಳುವವನ ಲೆಕ್ಕದಲ್ಲಿ ಕಟ್ ಕಡಿಮೆ ಆಗುತ್ತದೆ, ಇದು ಅನುಭವ.

ಟಿಡಿಎಸ್, ಅಂದರೆ ಬಾಡಿಗೆ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆಯ ವಿಚಾರವೂ ಇಲ್ಲೇ ಬರುತ್ತದೆ. ವರ್ಷದಲ್ಲಿ ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರು ಪ್ಯಾನ್ ನಂಬರಿನ ಜೊತೆ ಹಾಗಂತ ಒಂದು ಡಿಕ್ಲರೇಶನ್ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವ ಹಾಗಿಲ್ಲ. ಪ್ಯಾನ್ ಕೊಡದಿದ್ದರೆ ನೂರಕ್ಕೆ ಇಪ್ಪತ್ತು ಹೋಗುತ್ತದೆ. ಬಹಳ ಸಣ್ಣ ಮಾಲೀಕರು ಈ ಒಂದು ಹಾಳೆ ಕೊಡದೆ ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಾರೆ.

ನೇರ ಪಾರ್ಟಿ

ಗಂಗಾವತಿಯ ರೈಸ್ ಮಿಲ್, ತಿಪಟೂರಿನ ಕೊಬ್ಬರಿ ಮಂಡಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ನಡುವೆ ಯಾರೂ ಇಲ್ಲ, ಕಮಿಷನ್ ಇಲ್ಲ, ಬಾಡಿಗೆಯೂ ಒಂದು ಕೈ ಮೇಲೆ. ಎಲ್ಲರ ಕನಸು ಇದೇ. ಆದರೆ ಪಾರ್ಟಿ ಅಡ್ವಾನ್ಸ್ ಕೊಡುವುದು ಕಡಿಮೆ, ಬಿಲ್ ಹಾಕಿ ಕಾಯಿರಿ ಅನ್ನುತ್ತಾರೆ.

ಅದೇ ಚೆನ್ನೈ ಟ್ರಿಪ್ಪನ್ನು ಪಾರ್ಟಿ ಟನ್ನಿಗೆ 1,900ರಂತೆ ಕೊಟ್ಟರು, ಅಡ್ವಾನ್ಸ್ ಇಲ್ಲ, 45 ದಿನಕ್ಕೆ ಪೇಮೆಂಟ್ ಅಂತ ಇಟ್ಟುಕೊಳ್ಳೋಣ. ಬಾಡಿಗೆ 34,200. ಕಮಿಷನ್ ಇಲ್ಲದ ಕಾರಣ ಖರ್ಚು 21,500, ಅದನ್ನು ನೀವೇ ಹಾಕಬೇಕು. ನೂರಕ್ಕೆ ಎರಡರ ಬಡ್ಡಿಗೆ ತಂದರೂ ಒಂದೂವರೆ ತಿಂಗಳಿಗೆ 645. ಉಳಿಯುವುದು 12,055. ಬ್ರೋಕರ್ ಲೋಡಿಗಿಂತ ಎರಡು ಸಾವಿರ ಜಾಸ್ತಿಯೇ. ಹಾಗಾಗಿ “ಸಾಲದ ಪಾರ್ಟಿ ಬೇಡವೇ ಬೇಡ” ಅನ್ನುವ ಹಿರಿಯರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಳ್ಳೆ ಪಾರ್ಟಿಯ 45 ದಿನ, ಕೆಟ್ಟ ಬ್ರೋಕರಿನ “ನಾಳೆ ಹಾಕ್ತೀನಿ”ಗಿಂತ ಬೇಗ ಮುಗಿಯುತ್ತದೆ.

ಅಡ್ಡಿ ಇರುವುದು ಬಂಡವಾಳದ್ದು. 45 ದಿನದಲ್ಲಿ ಆರು ಟ್ರಿಪ್ ಆದರೆ ಮೊದಲನೇ ಪೇಮೆಂಟ್ ಬರುವಷ್ಟರಲ್ಲಿ ನಿಮ್ಮ ಕೈಯಿಂದ 1,29,000 ಹೋಗಿರುತ್ತದೆ. ಕಂತು ಕಟ್ಟುತ್ತಿರುವ ಒಂದೇ ಗಾಡಿಯವನಿಗೆ ಇದು ಆಗದ ಮಾತು. ಎಲ್ಲ ಟ್ರಿಪ್ಪೂ ಒಂದೇ ಪಾರ್ಟಿಗೆ ಓಡಿಸುವವನಂತೂ ಆ ಮಿಲ್ಲಿನ ಜೊತೆ ತಾನೂ ಮುಳುಗಲು ಸಿದ್ಧನಾಗಿರಬೇಕು.

ನೇರ ಪಾರ್ಟಿ ಮಾಡುವವರು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಮಾಡಿಸಿಟ್ಟುಕೊಳ್ಳಿ, ಸರ್ಕಾರದ ಪೋರ್ಟಲ್ಲಿನಲ್ಲಿ ಅದಕ್ಕೆ ಶುಲ್ಕ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಬರಬೇಕಾದ ಹಣವನ್ನು ಬರಹದಲ್ಲಿ ಒಪ್ಪಂದ ಇದ್ದರೆ ಅದರ ಪ್ರಕಾರ, ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ಹಿಡಿತ ಬಂದಿದೆ: ಈ ಗಡುವು ಮೀರಿ ಬಾಕಿ ಇಟ್ಟ ಪಾರ್ಟಿ, ಹಣ ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚು ಅಂತ ತೋರಿಸಬಹುದು. ಹೀಗಾಗಿ ಮಾರ್ಚ್ ತಿಂಗಳಲ್ಲಿ ಪಾರ್ಟಿಯ ಅಕೌಂಟೆಂಟಿಗೆ ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿದರೆ ಸಾಹುಕಾರರಿಗೆ ನೂರು ಫೋನ್ ಮಾಡಿದ್ದಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ. ಎಂಎಸ್‌ಎಂಇ ಕೌನ್ಸಿಲ್ಲಿಗೆ ದೂರು ಕೊಡುವುದು ಮಾತ್ರ ಆ ಪಾರ್ಟಿಯ ಲೋಡು ಇನ್ನು ಬೇಡ ಅಂತ ತೀರ್ಮಾನಿಸಿದ ಮೇಲೆ. ಎರಡೂ ಒಟ್ಟಿಗೆ ನಡೆಯುವುದನ್ನು ನಾನು ನೋಡಿಲ್ಲ.

ಟು-ಪೇ

ಬಾಡಿಗೆಯೋ ಬ್ಯಾಲೆನ್ಸೋ ಇಳಿಸುವ ಊರಿನಲ್ಲೇ ಮಾಲು ತೆಗೆದುಕೊಳ್ಳುವವನು ಕೊಡುವ ಪದ್ಧತಿ. ತರಕಾರಿ, ಕಾಯಿ, ಕೃಷಿ ಮಾಲಿನಲ್ಲಿ ಜಾಸ್ತಿ. ಪಿಒಡಿ ಕಳಿಸಿ ಕಾಯುವ ಗೋಳಿಲ್ಲ, ಅಲ್ಲೇ ಲೆಕ್ಕ ಮುಗಿಯುತ್ತದೆ. ಆದರೆ ಗೊತ್ತಿಲ್ಲದ ಊರಿನ ಮಂಡಿಯಲ್ಲಿ ಬೆಳಗಿನ ಜಾವ ನಿಮ್ಮ ಡ್ರೈವರ್ ಒಬ್ಬನೇ ನಿಂತು ಚೌಕಾಸಿ ಮಾಡಬೇಕು. ಕೋಲಾರದ ಟೊಮೆಟೊ ತುಂಬಿಕೊಂಡು ಹೋದ ದಿನವೇ ಅಲ್ಲಿ ರೇಟ್ ಬಿದ್ದಿದ್ದರೆ ವ್ಯಾಪಾರಿಗೆ ಮೊದಲು ಕಾಣುವುದು ಲಾರಿ ಬಾಡಿಗೆ. “ಎರಡು ಗಂಟೆ ಲೇಟ್ ಬಂದೆ, ಸಾವಿರ ಕಟ್” ಅನ್ನುತ್ತಾನೆ. ಬಾಡಿಗೆ, ಬಂದಿರುವ ಅಡ್ವಾನ್ಸ್, ಬರಬೇಕಾದ ಬ್ಯಾಲೆನ್ಸ್ ಮೂರೂ ಬಿಲ್ಟಿಯಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಇದ್ದರೆ, ಡ್ರೈವರ್ ಮಾತು ಬಲ್ಲವನಾಗಿದ್ದರೆ ಟು-ಪೇ ಒಳ್ಳೆಯದು. ಹೊಸ ಹುಡುಗನ ಕೈಲಿ ಕಳಿಸಬೇಡಿ.

ಮೊಬೈಲ್ ಆ್ಯಪ್

ಬ್ಲ್ಯಾಕ್‌ಬಕ್, ವಾಹಕ್ ಮುಂತಾದವು ಬೆಂಗಳೂರಿನಲ್ಲೇ ಹುಟ್ಟಿದವು. ಬ್ಲ್ಯಾಕ್‌ಬಕ್ ನಡೆಸುವ ಕಂಪನಿ 2024ರ ನವೆಂಬರಿನಲ್ಲಿ ಶೇರು ಮಾರುಕಟ್ಟೆಗೂ ಬಂತು. ಗೊತ್ತಿಲ್ಲದ ಊರಿನಲ್ಲಿ ರಿಟರ್ನ್ ಲೋಡ್ ಏನಿದೆ, ರೇಟ್ ಎಷ್ಟು ನಡೆಯುತ್ತಿದೆ ಅಂತ ನೋಡಲು ಆ್ಯಪ್ ಬಹಳ ಉಪಯೋಗ. ಬ್ರೋಕರ್ 1,500 ಅಂದಾಗ ಆ್ಯಪಿನಲ್ಲಿ 1,750 ಕಂಡರೆ ಮಾತಾಡುವ ಧೈರ್ಯ ಬರುತ್ತದೆ.

ಆದರೆ ಲೋಡ್ ಹಾಕಿದವನು ಯಾರು ಅಂತ ನೋಡಿ. ಎಷ್ಟೋ ಸಲ ಅದೇ ಸ್ಟ್ಯಾಂಡಿನ ಬ್ರೋಕರೇ ಅಲ್ಲಿ ಫೋಟೋ ಹಾಕಿಕೊಂಡು ಕೂತಿರುತ್ತಾನೆ. ಆಗ ಆ್ಯಪ್ ಬರೀ ನೋಟಿಸ್ ಬೋರ್ಡು, ಬ್ಯಾಲೆನ್ಸಿಗೆ ಅದು ಹೊಣೆ ಅಲ್ಲ. ಕಂಪನಿಯೇ ಲೋಡ್ ಒಪ್ಪಿಕೊಂಡು ಕಂಪನಿಯೇ ಹಣ ಹಾಕುವುದಾದರೆ ಅದನ್ನು ಟ್ರಾನ್ಸ್‌ಪೋರ್ಟ್ ಆಫೀಸಿನ ಹಾಗೇ ಲೆಕ್ಕ ಹಿಡಿಯಿರಿ. ಇನ್ನು, ಲೋಡ್ ಕೊಡುವ ಮೊದಲು “ವೆರಿಫಿಕೇಶನ್ನಿಗೆ ಐನೂರು ಹಾಕಿ”, “ಗೇಟ್ ಪಾಸಿಗೆ ಸಾವಿರ ಹಾಕಿ” ಅನ್ನುವ ಫೋನ್ ಬಂದರೆ ಅಲ್ಲಿಗೇ ಕಟ್ ಮಾಡಿ. ಗಾಡಿ ತುಂಬಿ ಅಡ್ವಾನ್ಸ್ ಬಂದ ಮೇಲೆ ಅದರಲ್ಲೇ ಕಮಿಷನ್ ಹಿಡಿದುಕೊಳ್ಳಲಿ. ಖಾಲಿ ಗಾಡಿಯಿಂದ ದುಡ್ಡು ಕೇಳುವವನ ಹತ್ತಿರ ಲೋಡ್ ಇರುವುದಿಲ್ಲ.

ಯಾವ ದಾರಿಯಾದರೂ ಬ್ಯಾಲೆನ್ಸ್ ನಿಲ್ಲುವುದು ಇಲ್ಲಿ

ಪಿಒಡಿ, ಅಂದರೆ ಮಾಲು ಸರಿಯಾಗಿ ಮುಟ್ಟಿತು ಅಂತ ಸಹಿ, ಸೀಲು ಹಾಕಿಸಿದ ಬಿಲ್ಟಿ. ಬ್ಯಾಲೆನ್ಸಿನ ಜೀವ ಇರುವುದು ಈ ಹಾಳೆಯಲ್ಲಿ. ಡ್ರೈವರ್ ಅದನ್ನು ಸೀಟಿನ ಕೆಳಗೆ ತುರುಕಿ ಇನ್ನೆರಡು ಟ್ರಿಪ್ ಮುಗಿಸಿ ಬರುತ್ತಾನೆ, ಅಷ್ಟರಲ್ಲಿ ಎಣ್ಣೆ ಹತ್ತಿ ಸೀಲು ಕಾಣುವುದಿಲ್ಲ. ಇಳಿಸಿದ ಜಾಗದಲ್ಲೇ ಎರಡೂ ಕಡೆ ಫೋಟೋ ತೆಗೆದು ಬ್ರೋಕರಿಗೆ, ಟ್ರಾನ್ಸ್‌ಪೋರ್ಟಿಗೆ ವಾಟ್ಸಾಪ್ ಮಾಡಿಸಿ. ಒರಿಜಿನಲ್ ಮಾತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. “ಪಿಒಡಿ ಬಂದಿಲ್ಲ” ಅನ್ನುವುದು ಈ ಲೈನಿನ ಅತಿ ಹಳೆಯ ನೆಪ, ರಸೀದಿ ಇದ್ದವರ ಹತ್ತಿರ ಅದು ನಡೆಯುವುದಿಲ್ಲ. ಸಹಿ ಮಾಡುವಾಗ “ಒಂದು ಮೂಟೆ ಕಡಿಮೆ” ಅಂತ ಬರೆದರೆ ಅಲ್ಲೇ ಎಣಿಸಿ ಗಾಡಿ ಇಳಿಸಿದವರ ಕೈಲಿ ಒಪ್ಪಿಸಬೇಕು. ಆಫೀಸಿಗೆ ಬಂದ ಮೇಲೆ ಆ ಒಂದು ಸಾಲನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ.

ಹಾಲ್ಟಿಂಗ್, ಅಂದರೆ ಗಾಡಿ ಕಾಯಿಸಿದ್ದಕ್ಕೆ ಕೊಡುವ ದುಡ್ಡು, ಮೊದಲೇ ಮಾತಾಡಿ: ಎಷ್ಟು ಗಂಟೆ ಬಿಟ್ಟು, ದಿನಕ್ಕೆ ಎಷ್ಟು, ಕೊಡುವವರು ಯಾರು. ಗಾಡಿ ತಲುಪಿದ ಹೊತ್ತು ಗೇಟಿನ ರಿಜಿಸ್ಟರಿನಲ್ಲೋ ಬಿಲ್ಟಿಯಲ್ಲೋ ಬರೆಸದಿದ್ದರೆ ಮೂರು ದಿನ ನಿಂತದ್ದಕ್ಕೂ ಸಾಕ್ಷಿ ಇರುವುದಿಲ್ಲ.

ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯ ಚೀಟಿ, 50,000 ರೂಪಾಯಿ ಮೀರಿದ ಮಾಲಿಗೆ ಬೇಕು, 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಚೆನ್ನೈ ಟ್ರಿಪ್ಪಿಗೆ ನಾಲ್ಕು ದಿನ ಸಿಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟು ಗಡುವು ಮುಗಿಯುವ ಹಾಗಿದ್ದರೆ ಮುಗಿಯುವ ಮೊದಲಿನ ಎಂಟು ಗಂಟೆಯಲ್ಲಿ ಅಥವಾ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಬಹುದು. ಬ್ರೋಕರಿಗೆ ಫೋನ್ ಮಾಡಿ ಸುಮ್ಮನಾಗಬೇಡಿ, ಮೆಸೇಜ್ ಹಾಕಿ. ಗಾಡಿ ಹಿಡಿದು ತೆರಿಗೆಯ ಇನ್ನೂರು ಪರ್ಸೆಂಟ್ ದಂಡ ಹಾಕಿದ ದಿನ ಯಾರು ಯಾರಿಗೆ ಯಾವಾಗ ಹೇಳಿದರು ಅನ್ನುವುದೇ ಮಾತಾಗುತ್ತದೆ.

ಓವರ್‌ಲೋಡ್ ಬಗ್ಗೆ ಒಂದೇ ಲೆಕ್ಕ. “ಇನ್ನೊಂದು ನಾಲ್ಕು ಟನ್ ಹಾಕ್ಕೊಳ್ಳಿ ಗೌಡ್ರೇ, ನಿಮಗೇ ಲಾಭ” ಅನ್ನುತ್ತಾರೆ. ಆ ನಾಲ್ಕು ಟನ್ನಿಗೆ ಬರುವುದು 7,200. ಕಾಯ್ದೆಯಲ್ಲಿರುವ ದಂಡ 20,000, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000, ಒಟ್ಟು 28,000. ಹೇಳಿದವರು ಆ ದಿನ ಫೋನ್ ಎತ್ತುವುದಿಲ್ಲ.

ಅಡ್ವಾನ್ಸನ್ನು ಯಾಕೆ ಪೂರ್ತಿ ಕ್ಯಾಶ್ ಕೊಡುವುದಿಲ್ಲ ಅಂತ ಕೆಲವರು ಜಗಳ ತೆಗೆಯುತ್ತಾರೆ. ಲಾರಿ ಬಾಡಿಗೆಗೆ ಒಬ್ಬರಿಗೆ ಒಂದು ದಿನದಲ್ಲಿ 35,000ಕ್ಕಿಂತ ಹೆಚ್ಚು ಕ್ಯಾಶ್ ಕೊಟ್ಟರೆ ಅದನ್ನು ಅವರು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಲಾಗುವುದಿಲ್ಲ, ಅದಕ್ಕೆ. ನಿಮಗೂ ಬ್ಯಾಂಕಿಗೆ ಬಂದ ದುಡ್ಡೇ ಒಳ್ಳೆಯದು. ಮುಂದೆ ಜಗಳವಾದರೆ ಸ್ಟೇಟ್‌ಮೆಂಟಿನ ಒಂದು ಸಾಲು ಹತ್ತು ಸಾಕ್ಷಿಗೆ ಸಮ.

ಬಾರದೇ ಹೋದರೆ

ಮೊದಲ ತಪ್ಪು ಮುಂದಿನ ಲೋಡಿನ ಮಾಲನ್ನು ಹಿಡಿದಿಟ್ಟುಕೊಳ್ಳುವುದು. “ಹಳೇ ಬಾಕಿ ಕೊಟ್ರೆ ಇಳಿಸ್ತೀನಿ” ಅಂತ ಸಿಟ್ಟಿನಲ್ಲಿ ಮಾಡುವವರಿದ್ದಾರೆ. ಸಾಗಣೆಗೆ ನಂಬಿ ಒಪ್ಪಿಸಿದ ಮಾಲನ್ನು ದುರುಪಯೋಗ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಆರು ಸಾವಿರದ ಬಾಕಿ ಕೇಳಲು ಹೋಗಿ ಆರೋಪಿ ಆಗಬೇಡಿ, ಅದೂ ಆ ಮಾಲು ಬೇರೆ ಯಾರದೋ ಆಗಿರುವಾಗ.

ಲಾರಿ ಮಾಲೀಕರ ಸಂಘದ ಪಂಚಾಯಿತಿ ಸಣ್ಣ ಮೊತ್ತಕ್ಕೆ ಎಲ್ಲಕ್ಕಿಂತ ಬೇಗ. ಬ್ರೋಕರ್ ಅದೇ ಊರಿನವನಾಗಿದ್ದರೆ ಒಂದು ವಾರದಲ್ಲಿ ಮುಗಿಯುತ್ತದೆ. ಹೊರ ರಾಜ್ಯದವನಾದರೆ ಅಲ್ಲಿನ ಸಂಘಕ್ಕೆ ನಿಮ್ಮ ಸಂಘದಿಂದ ಫೋನ್ ಮಾಡಿಸಿ. ಚೆಕ್ ಕೊಟ್ಟಿದ್ದು ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು, ನೋಟಿಸ್ ಮುಟ್ಟಿ 15 ದಿನದಲ್ಲಿ ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೇಸು. ದಿನ ತಪ್ಪಿದರೆ ಕೇಸಿನ ಬಲ ಹೋಯಿತು. ಬರೀ ಬಾಕಿ ಹಣದ ದಾವೆಗೆ ಮೂರು ವರ್ಷ ಇದೆ, ಆದರೆ ಆರು ಸಾವಿರಕ್ಕೆ ಕೋರ್ಟಿಗೆ ಹೋದವರನ್ನು ನಾನು ಕಂಡಿಲ್ಲ. ಬಾಕಿ ಉಳಿಸಿಕೊಳ್ಳುವವರಿಗೂ ಅದು ಗೊತ್ತು.

ಹಾಗಾದರೆ ಯಾವುದು?

ಒಂದೇ ಗಾಡಿ, ತಿಂಗಳಿಗೆ ಕಂತು, ಓಡಿಸುವವರೂ ನೀವೇ ಅಂದರೆ ಮೊದಲ ವರ್ಷ ಟ್ರಾನ್ಸ್‌ಪೋರ್ಟಿಗೆ ಅಟ್ಯಾಚ್ ಮಾಡಿ. ಟನ್ನಿಗೆ ನೂರು ಕಡಿಮೆ ಬಂದರೂ ಕಂತು ತಪ್ಪುವುದಿಲ್ಲ. ಆ ವರ್ಷದಲ್ಲಿ ಯಾವ ಬ್ರೋಕರ್ ಹೇಗೆ ಅಂತ ಸ್ಟ್ಯಾಂಡಿನ ಟೀ ಅಂಗಡಿಯಲ್ಲೇ ಗೊತ್ತಾಗುತ್ತದೆ. ರಿಟರ್ನಿಗೆ ಆ್ಯಪ್ ನೋಡಿ, ಆದರೆ ಅಡ್ವಾನ್ಸ್ ನಿಮ್ಮ ಖರ್ಚಿಗಿಂತ ಒಂದು ರೂಪಾಯಿ ಕಡಿಮೆ ಇದ್ದರೂ ಬೇಡ. ಸಾಲ ತೀರಿ ಕೈಯಲ್ಲಿ ಒಂದೂವರೆ ಲಕ್ಷ ಓಡಾಡುವ ಹಾಗಾದ ಮೇಲೆ ನೇರ ಪಾರ್ಟಿ ಹುಡುಕಿ, ಒಂದಲ್ಲ, ಎರಡು. ಕಂಟೇನರ್, ಟ್ಯಾಂಕರ್ ಇದ್ದವರ ಲೆಕ್ಕ ಬೇರೆ, ಅವರಿಗೆ ಕಂಪನಿ ಕಾಂಟ್ರ್ಯಾಕ್ಟ್ ಬಿಟ್ಟು ಹೆಚ್ಚು ದಾರಿ ಇಲ್ಲ.

ನಮ್ಮ ಮನೆಯಲ್ಲಿ ಈಗ ಒಂದು ಗಾಡಿ ಟ್ರಾನ್ಸ್‌ಪೋರ್ಟಿಗೆ ಓಡುತ್ತದೆ, ಕಂತು ಅದರಿಂದ. ಇನ್ನೊಂದು ಇಬ್ಬರು ಬ್ರೋಕರುಗಳ ಹತ್ತಿರ, ಸುಗ್ಗಿಯಲ್ಲಿ ಒಂದು ರೈಸ್ ಮಿಲ್ಲಿಗೆ. ಪುಸ್ತಕದಲ್ಲಿ ಪ್ರತಿ ಟ್ರಿಪ್ಪಿನ ಎದುರು ಎರಡು ತಾರೀಕು ಬರೆಯುತ್ತೇನೆ, ಪಿಒಡಿ ಕೊಟ್ಟಿದ್ದು, ಬ್ಯಾಲೆನ್ಸ್ ಬಂದಿದ್ದು. ಆ ಇಬ್ಬರಲ್ಲಿ ಒಬ್ಬರದು ಸರಾಸರಿ ಹನ್ನೊಂದು ದಿನ, ಇನ್ನೊಬ್ಬರದು ಇಪ್ಪತ್ತಾರು. ಎರಡನೆಯವರು ಟನ್ನಿಗೆ ಐವತ್ತು ಜಾಸ್ತಿ ಕೊಡುತ್ತಾರೆ. ಹೋದ ವಾರ ಇಬ್ಬರೂ ಒಂದೇ ದಿನ ಫೋನ್ ಮಾಡಿದರು. ಗಾಡಿ ಹನ್ನೊಂದು ದಿನದವರ ಲೋಡಿಗೆ ಹೋಗಿದೆ.